ಆಡಿದ ಬಲ, ಎತ್ತಿದ ಬಲ

"ಅದೆಲ್ಲ ಬರಿಯ ನಾಟಕ, ಸಾರ್" ಎಂದು ನನ್ನ ವಿದ್ಯಾರ್ಥಿಯೊಬ್ಬ ಒಮ್ಮೆ ಹೇಳಿದ. ಮಾತು ನಡೆದಿದ್ದುದು ಟೆಲಿವಿಷನ್ನಿನಲ್ಲಿ ಬರುವ ಅಮೆರಿಕದ ಕುಸ್ತಿಯನ್ನು ಕುರಿತು. 1990ರ ದಶಕದಲ್ಲಿ ನಮ್ಮ ನಗರಗಳ ಹುಡುಗರು ಆ ಜಟ್ಟಿಗಳ ಚಿತ್ರವಿದ್ದ ಕಾರ್ಡುಗಳನ್ನು ಹಂಚಿಕೊಂಡು, ಯಾರ ಎತ್ತರ ಹೆಚ್ಚು, ಯಾರ ತೂಕ ಹೆಚ್ಚು ಎಂದು ಗಂಟೆಗಟ್ಟಲೆ ಆಡುತ್ತಿದ್ದರು. ನಾನೂ ಆಡಿದವನೇ. ನಾಟಕವೆಂಬುದು ತಿಳಿದ ದಿನ ನನಗೆ ಆದ ನಿರಾಶೆ ಸಣ್ಣದಲ್ಲ. ಆದರೆ ಕನ್ನಡ ಪಾಠ ಹೇಳುವವನ ಮುಂದೆ 'ಬರಿಯ ನಾಟಕ' ಎಂದರೆ ಹೇಗೆ? 'ಬರಿಯ' ಎಂಬ ಆ ಮಾತು ನನ್ನನ್ನು ಚುಚ್ಚಿತು. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ಎದುರಾದವನು ಮಾರ್ಕ್ ಹೆನ್ರಿ.

ಈತ ಅಮೆರಿಕದ ಟೆಕ್ಸಸ್ ಸೀಮೆಯ ಸಿಲ್ಸ್‌ಬೀ ಎಂಬ ಸಣ್ಣ ಊರಿನವನು, 1971ರಲ್ಲಿ ಹುಟ್ಟಿದವನು. ಭಾರ ಎತ್ತುವ ಸ್ಪರ್ಧಿಯಾಗಿ 1992ರ ಬಾರ್ಸಿಲೋನಾ ಒಲಿಂಪಿಕ್ಸಿಗೂ 1996ರ ಅಟ್ಲಾಂಟಾ ಒಲಿಂಪಿಕ್ಸಿಗೂ ಹೋದ. ಪದಕ ಬರಲಿಲ್ಲ, ಮೊದಲ ಸಲ ಹತ್ತನೆಯವನಾದ, ಎರಡನೆಯ ಸಲ ಹದಿನಾಲ್ಕನೆಯವನು. ನೂರ ಎಂಬತ್ತು ಕಿಲೋ ಮೀರಿದ ಆ ದೇಹವನ್ನು ಕುಸ್ತಿಯ ಸಂಸ್ಥೆ ಅದಾಗಲೇ ಕಣ್ಣಿಟ್ಟು ನೋಡಿತ್ತು. 1996ರಲ್ಲಿಯೇ ಹತ್ತು ವರ್ಷಗಳ ಕರಾರು ಆಯಿತು. ರಂಗಕ್ಕೆ ಬಂದವನಿಗೆ ಸಂಸ್ಥೆ ಕೊಟ್ಟ ಬಿರುದು 'ಜಗತ್ತಿನ ಮಹಾಬಲಿ'.

ಬಿರುದೇನೋ ಬಂತು. ಆದರೆ ಅಲ್ಲಿ ಎಲ್ಲರಿಗೂ ಒಂದೊಂದು ಬಿರುದು. ಒಬ್ಬ ಸತ್ತು ಎದ್ದು ಬಂದವನು, ಇನ್ನೊಬ್ಬ ರಾಜ, ಮತ್ತೊಬ್ಬ ದೇಶದ್ರೋಹಿ. ಅವರ ನಡುವೆ ಒಬ್ಬ ಮಹಾಬಲಿ ಎಂದರೆ ಯಾರು ನಂಬಬೇಕು? 1989ರಲ್ಲಿ ನ್ಯೂಜೆರ್ಸಿಯ ಶಾಸಕರ ಮುಂದೆ ಆ ಸಂಸ್ಥೆಯವರೇ, ನಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಾಗಿತ್ತು. ಕ್ರೀಡೆಗಳ ಮೇಲಿನ ಸರ್ಕಾರದ ಕಟ್ಟುಪಾಡಿನಿಂದ ತಪ್ಪಿಸಿಕೊಳ್ಳುವುದಕ್ಕೆ ಹೇಳಿದ ನಿಜ ಅದು. ಲಾಭಕ್ಕಾಗಿ ನಿಜ ಹೇಳುವುದೂ ಉಂಟೆಂಬುದು ಗಮನಿಸತಕ್ಕ ಸಂಗತಿ.

ನಮ್ಮ ಭರತನ ನಾಟ್ಯಶಾಸ್ತ್ರದಲ್ಲಿ ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ಬಗೆ. ಲೋಕದಲ್ಲಿ ನಡೆಯುವಂತೆಯೇ ತೋರಿಸುವುದು ಒಂದು. ರಂಗದ ಕಟ್ಟಳೆಗೆ ಒಗ್ಗಿಸಿ ತೋರಿಸುವುದು ಇನ್ನೊಂದು. ಈ ಕುಸ್ತಿ ಪೂರ್ತಿಯಾಗಿ ನಾಟ್ಯಧರ್ಮಿ. ಫ್ರಾನ್ಸಿನ ರೋಲಾಂ ಬಾರ್ತ್ 1957ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಕುಸ್ತಿಯನ್ನು ಕುರಿತು ಬರೆದು, ಅದು ಕ್ರೀಡೆಯಲ್ಲ, ದೃಶ್ಯ ಎಂದ. ಗೆಲುವು ಮೊದಲೇ ಗೊತ್ತಾಗಿದೆಯೆ ಎಂಬ ಚಿಂತೆ ನೋಡುವವರಿಗೆ ಇಲ್ಲ ಎಂಬುದು ಅವನ ವಾದ. ನೋಡುವವರ ಮಟ್ಟಿಗೆ ಅದು ಸರಿಯೇ ಇರಬಹುದು. ಆಡುವವನ ಗತಿಯೇನು? ಮಹಾಬಲಿಯ ವೇಷ ಹಾಕಿದವನು ಮಹಾಬಲಿಯೇ ಆಗಿದ್ದರೆ?

ವಿರಾಟನ ಅಡಿಗೆಮನೆಯಲ್ಲಿ ವಲಲನಾಗಿದ್ದ ಭೀಮನ ಕಥೆ ನಮಗೆಲ್ಲ ಗೊತ್ತು. ಜೀಮೂತನೆಂಬ ಮಲ್ಲನೊಡನೆ ಹೋರಬೇಕಾಗಿ ಬಂದಾಗ ಅವನಿಗೆ ಅಂಜಿಕೆ: ಬಲ ಬಯಲಾದರೆ ಗುರುತೂ ಬಯಲಾದೀತು. ಭೀಮನ ನಿಜವನ್ನು ಮುಚ್ಚಿದ್ದು ಅದಕ್ಕೆ ವಿರುದ್ಧವಾದ ವೇಷ, ಬಾಣಸಿಗನ ಸೌಟು. ಹೆನ್ರಿಯ ನಿಜವನ್ನು ಮುಚ್ಚಿದ್ದು ಆ ನಿಜದಂತೆಯೇ ಇದ್ದ ವೇಷ. ಬಲಶಾಲಿಯನ್ನು ಬಲಶಾಲಿಯೆಂದು ಕೂಗಿ ಕರೆದೇ ಅವನ ಬಲವನ್ನು ಯಾರೂ ನಂಬದಂತೆ ಮಾಡಿದರು. ಸೌಟನ್ನು ಎಸೆದರೆ ಭೀಮ ಕಾಣುತ್ತಾನೆ. ಇವನು ಏನನ್ನು ಎಸೆಯಬೇಕು? ಮೇಲಾಗಿ ಹಾಸ್ಯದ ಪಾತ್ರಗಳನ್ನೂ ಅವನಿಂದ ಆಡಿಸಿದರು. ಅವುಗಳಲ್ಲಿ ಕೆಲವು ಮನೆಮಂದಿ ಕೂತು ನೋಡುವಂಥವಲ್ಲ.

2002ರಲ್ಲಿ ಒಹಾಯೊ ಸೀಮೆಯ ಕೊಲಂಬಸ್ ನಗರದಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಹೆಸರಿನ ಬಲಸ್ಪರ್ಧೆ ಮೊದಲ ಬಾರಿ ನಡೆಯಿತು. ಇದರಲ್ಲಿ ಎದುರಾಳಿಯನ್ನು ಕೆಡಹುವುದಿಲ್ಲ. ಭಾರವನ್ನು ಎತ್ತಬೇಕು, ಹೊರಬೇಕು, ತಳ್ಳಬೇಕು. ಹೆನ್ರಿ ಕುಸ್ತಿಯ ರಂಗದಿಂದ ಬಂದು ಸ್ಪರ್ಧಿಸಿದ. ಅಲ್ಲಿ ಇಟ್ಟಿದ್ದ ಭಾರಗಳಲ್ಲಿ ಒಂದಕ್ಕೆ ತನ್ನದೇ ಚರಿತ್ರೆಯಿದೆ. ಅಪೊಲೋನ್ ಎಂಬ ಹೆಸರಿನಲ್ಲಿ ಪ್ರದರ್ಶನ ಕೊಡುತ್ತಿದ್ದ ಫ್ರಾನ್ಸಿನ ಲೂಯಿ ಉನಿಯ ಹೆಸರಿನಲ್ಲಿ ಉಳಿದಿರುವ ರೈಲಿನ ಅಚ್ಚು ಮತ್ತು ಗಾಲಿಗಳು: ತೂಕ 366 ಪೌಂಡು, ನಮ್ಮ ಲೆಕ್ಕದಲ್ಲಿ 166 ಕಿಲೋ. ಹಿಡಿಯುವ ಸರಳು ಸುಮಾರು ಎರಡು ಅಂಗುಲ ದಪ್ಪ. ಬೆರಳು ಸುತ್ತಿ ಕೂಡುವುದೇ ಕಷ್ಟ. ಸಾಮಾನ್ಯ ವ್ಯಾಯಾಮಶಾಲೆಯ ಸರಳಿನಂತೆ ಅದು ಗಾಲಿಯೊಳಗೆ ತಿರುಗುವುದೂ ಇಲ್ಲ. ಎತ್ತುವವನ ಮಣಿಕಟ್ಟು ಗಾಲಿಗಳನ್ನೂ ತಿರುಗಿಸಿಕೊಂಡೇ ಮೇಲೇಳಬೇಕು. 1930ರಲ್ಲಿ ಶಾರ್ಲ್ ರಿಗುಲೋ, 1949ರಲ್ಲಿ ಜಾನ್ ಡೇವಿಸ್, 1954ರಲ್ಲಿ ನಾರ್ಬರ್ಟ್ ಷೆಮಾನ್ಸ್ಕಿ ಅದನ್ನು ತಲೆಯ ಮೇಲಕ್ಕೆ ಎತ್ತಿದ್ದರು. ಅದರ ಪ್ರತಿಕೃತಿಯನ್ನು ಹೆನ್ರಿ ಮೂರು ಸಲ ತಲೆಯ ಮೇಲೆತ್ತಿದ, ಸ್ಪರ್ಧೆಯನ್ನೂ ಗೆದ್ದ.

ಆ ಸ್ಪರ್ಧೆಯನ್ನು ರೂಪಿಸಿದ ಟೆರಿ ಟಾಡ್ ಹೆನ್ರಿಗೆ ಹದಿಹರೆಯದಿಂದಲೂ ಮಾರ್ಗದರ್ಶಿಯಾಗಿದ್ದವನು. ಸಂದೇಹ ಪಡುವವನಿಗೆ ಇಲ್ಲಿಯೂ ಒಂದು ಎಳೆ ಸಿಕ್ಕೀತು. ಆದರೆ 166 ಕಿಲೋ ಕಬ್ಬಿಣಕ್ಕೆ ಗುರುವೂ ಇಲ್ಲ, ಶಿಷ್ಯನೂ ಇಲ್ಲ.

ಹಾಗಾದರೆ ಕುಸ್ತಿ ಸುಳ್ಳು, ಕಬ್ಬಿಣ ನಿಜ ಎಂದು ನನ್ನ ವಿದ್ಯಾರ್ಥಿ ಗೆದ್ದಂತಾಯಿತಲ್ಲವೆ? ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಈಗ ಅಷ್ಟು ಸುಲಭವಾಗಿ ಒಪ್ಪಲಾರೆ. ಆ ರಂಗದಲ್ಲಿ ಒಬ್ಬ ಇನ್ನೊಬ್ಬನನ್ನು ಎತ್ತಿ ಒಗೆಯುವಾಗ ನಡೆಯುವುದೇನು? ಎತ್ತಿಸಿಕೊಳ್ಳುವವನು ತಾನೂ ನೆಗೆದು ನೆರವಾಗುತ್ತಾನೆ. ಎತ್ತಿದವನು, ಬೀಳುವವನ ತಲೆಗೆ, ಕುತ್ತಿಗೆಗೆ ಪೆಟ್ಟಾಗದಂತೆ ಇಳಿಸಬೇಕು. ಕೈ ಜಾರಿದರೆ ಆಗುವ ಗಾಯ ನಾಟಕದ ಗಾಯವಲ್ಲ. ಎದುರಾಳಿಯ ಜೀವ ತನ್ನ ತೋಳಿನಲ್ಲಿರುತ್ತದೆ; ಅದನ್ನು ಕಾಪಾಡುತ್ತಲೇ ಕೊಲ್ಲುವವನಂತೆ ಮುಖ ಮಾಡಬೇಕು. ತನಗಿಂತ ಅರ್ಧ ಬಲವೂ ಇಲ್ಲದವನ ಕೆಳಗೆ, ಅಂದಿನ ಕಥೆ ಹಾಗೆ ಹೇಳಿದರೆ, ಎದ್ದೇಳಲಾಗದವನಂತೆ ಮಲಗಬೇಕು. ಬಲವನ್ನು ಅಡಗಿಸುವುದಕ್ಕೂ ಬಲ ಬೇಕು. ಕಬ್ಬಿಣ ಇಂಥದೊಂದನ್ನೂ ಕೇಳುವುದಿಲ್ಲ. ಕೈಬಿಟ್ಟರೆ ನೆಲಕ್ಕೆ ಬೀಳುತ್ತದೆ, ಅದಕ್ಕೆ ನೋವಿಲ್ಲ. ನೀತಿಯ ದೃಷ್ಟಿಯಿಂದ ನೋಡಿದರೆ ಬಲದ ಹೆಚ್ಚು ಕಠಿಣವಾದ ಬಳಕೆ ಆ 'ಬರಿಯ ನಾಟಕ'ದಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ಆದರೂ ಅವನು ಕಬ್ಬಿಣದ ಬಳಿಗೆ ಹೋದ, ಹೋಗಬೇಕಾಗಿಯೂ ಇತ್ತು. ರಂಗದಲ್ಲಿ ಪಡೆದುದೆಲ್ಲ ಕೊಟ್ಟು ಪಡೆದುದು. ಒಬ್ಬ ಬಿದ್ದುಕೊಟ್ಟದ್ದರಿಂದ ಇವನು ಗೆದ್ದ, ಒಬ್ಬ ಬರೆದುಕೊಟ್ಟದ್ದರಿಂದ ಬಿರುದು ಬಂತು. ಸಾಲದಲ್ಲಿ ತಂದ ಒಡವೆಯನ್ನು ಎಷ್ಟು ದಿನ ತೊಟ್ಟರೂ ಸಾಲಗಾರನ ನೆನಪು ಹೋಗುವುದಿಲ್ಲ. ಯಾರೂ ಬಿದ್ದುಕೊಡದ ಒಂದು ಜಾಗ ಮನುಷ್ಯನಿಗೆ ಬೇಕೆನಿಸುವುದನ್ನು ಬರಿಯ ಅಹಂಕಾರವೆನ್ನಲಾರೆ. ಅಧ್ಯಾಪಕರಾದ ನಮಗೂ ಇದು ಅಷ್ಟು ದೂರದ ಅನುಭವವಲ್ಲ. ವಿದ್ಯಾರ್ಥಿಗಳು ಏಳುವುದು ಕುರ್ಚಿಗೋ ಪಾಂಡಿತ್ಯಕ್ಕೋ ಎಂಬುದು ಒಂಟಿಯಾಗಿ ಹಳಗನ್ನಡದ ಪದ್ಯವೊಂದರ ಮುಂದೆ ಕೂತಾಗ ಗೊತ್ತಾಗುತ್ತದೆ.

ಗೆದ್ದ ಮೇಲೆ ಹೆನ್ರಿ ಕುಸ್ತಿಗೆ ಬೆನ್ನು ಹಾಕಲಿಲ್ಲ. ಮತ್ತೆ ಅದೇ ರಂಗಕ್ಕೆ ಬಂದ, ಹೇಳಿದಾಗ ಗೆದ್ದ, ಹೇಳಿದಾಗ ಸೋತ. ನನಗೆ ಬಹಳ ಹಿಡಿಸಿದ ಪ್ರಸಂಗ 2013ರ ಜೂನಿನದು. ತಿಳಿಗೆಂಪು ಕೋಟು ತೊಟ್ಟು ರಂಗಕ್ಕೆ ಬಂದ ಹೆನ್ರಿ, ನಿವೃತ್ತನಾಗುತ್ತಿದ್ದೇನೆ ಎಂದು ಹೇಳಿ ಅತ್ತ. ಹೆಂಡತಿ ಮಕ್ಕಳ ಮಾತಾಡಿದ. ಎಲ್ಲವೂ ನಾಟಕವೆಂದು ಬಲ್ಲ ಜನ, ನನ್ನ ವಿದ್ಯಾರ್ಥಿಯಂಥವರು, ಇದೊಂದು ಮಾತ್ರ ನಿಜವೆಂದು ನಂಬಿದರು. ಅಂದಿನ ಚಾಂಪಿಯನ್ ಜಾನ್ ಸೀನ ಬಂದು ಅಪ್ಪಿಕೊಂಡ. ಆ ಅಪ್ಪುಗೆಯಿಂದಲೇ ಹೆನ್ರಿ ಅವನನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ನಿವೃತ್ತಿಯೂ ಕಥೆಯ ಭಾಗವೇ ಆಗಿತ್ತು. ನಿಜವಾದ ನಿವೃತ್ತಿ ಬಂದದ್ದು 2017ರಲ್ಲಿ.

ಈ ಪ್ರಸಂಗದ ಚಿತ್ರವನ್ನು ನಾನು ವಿದ್ಯಾರ್ಥಿಗೆ ತೋರಿಸಿದೆ. ಮೊದಲೇ ಏನನ್ನೂ ಹೇಳಲಿಲ್ಲ. ಅಪ್ಪಳಿಸಿದಾಗ ಅವನು ಬೆಚ್ಚಿಬಿದ್ದ, ಆಮೇಲೆ ನಕ್ಕ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ಹಾಗಾದರೆ ಅತ್ತದ್ದು, ಸಾರ್?"

ನನಗೂ ಅದೇ ಅನುಮಾನ ಉಳಿದಿದೆ. ಹದಿನೇಳು ವರ್ಷ ಆ ರಂಗದಲ್ಲಿ ಬಿದ್ದು ಎದ್ದವನಿಗೆ ಅಳುವುದಕ್ಕೆ ಬೇರೆ ಕಾರಣವನ್ನು ಯಾರೂ ಬರೆದುಕೊಡಬೇಕಾಗಿರಲಿಲ್ಲ.