ಒಂದು ಚುಕ್ಕಿಯ ಹೊಣೆ

ಹೊಣೆಯೆಂಬುದನ್ನು ನಾವು ಎಷ್ಟು ಸಲೀಸಾಗಿ ಇನ್ನೊಬ್ಬರ ಹೆಗಲಿಗೆ ದಾಟಿಸಿಬಿಡುತ್ತೇವೆ ಎಂಬುದು ನನಗೆ ಮನದಟ್ಟಾದದ್ದು ಕಳೆದ ಬೇಸಗೆಯಲ್ಲಿ, ಹುತ್ತೂರಿನ ನಮ್ಮ ಹಳೆಯ ಮನೆಯ ಜಗುಲಿಯ ಮೇಲೆ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಲೆಕ್ಕದ ಪುಸ್ತಕ ಬರೆದು ಪಿಂಚಣಿ ಪಡೆದವನು ನಾನು. ಕಬ್ಬಿಣದ ಕೆಲಸ ನನಗೆ ತಿಳಿಯದು. ಆದರೂ ನಮ್ಮ ಹೊಲ ಗೇಯುವ ರೈತನ ಮಗನನ್ನು, ಕಂಪ್ಯೂಟರಿನ ಅಪ್ಪಣೆಯಂತೆ ಲೋಹ ಕಡೆಯುವ ಸಿಎನ್‌ಸಿ ಯಂತ್ರದ ತರಬೇತಿಗೆ ಸೇರಿಸಿದವನು ನಾನೇ. ಮೂರು ತಿಂಗಳ ಪಾಠ, ಮುಗಿದೊಡನೆ ಕೆಲಸ ಎಂದು ಕರಪತ್ರ ಹೇಳುತ್ತಿತ್ತು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ ನಮ್ಮದು. ಹಿಪ್ಪುನೇರಳೆಗೆ ನೀರಿನ ಚಿಂತೆ, ಟೊಮೇಟೊಗೆ ಬೆಲೆಯ ಚಿಂತೆ. ನರಸಾಪುರ, ವೇಮಗಲ್ಲುಗಳಲ್ಲಿ ಕಾರ್ಖಾನೆಗಳೆದ್ದ ಮೇಲೆ ಹುಡುಗರು ಕೆರೆಯ ಕಡೆಗಿಂತ ಕಂಪನಿ ಬಸ್ಸು ಬರುವ ಕಡೆಗೇ ಹೆಚ್ಚು ನೋಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಹುಡುಗ ಕಲಿತ, ಕೆಲಸವೂ ಸಿಕ್ಕಿತು. ಎಂಟು ತಿಂಗಳಾದ ಮೇಲೆ ಒಂದು ರಾತ್ರಿ ಪಾಳಿಯಲ್ಲಿ ಅಳತೆ ಕೊಂಚ ದಪ್ಪ ಬರತೊಡಗಿತು. ಮೇಲಿನವರು ಫೋನಿನಲ್ಲಿ, “ಐದು ಕಡಿಮೆ ಮಾಡು” ಎಂದರು. ಅವನು ಟೂಲಿನ ಲೆಕ್ಕದಲ್ಲಿ ಮೈನಸ್ ಐದು ಒತ್ತಿ, ಅದರ ಮುಂದೆ ಒಂದು ಚುಕ್ಕಿಯನ್ನೂ ಒತ್ತಿದ. ಹಸಿರು ಗುಂಡಿ ಒತ್ತಿದ್ದೇ ತಡ, ಟೂಲು ನೇರವಾಗಿ ಹೋಗಿ ಕಬ್ಬಿಣಕ್ಕೆ ಬಡಿಯಿತು. ಮುರಿದದ್ದರ ಬೆಲೆಯನ್ನು ಅವನ ಸಂಬಳದಲ್ಲಿ ಹಿಡಿದರು.

“ತಾತಾ, ಐದಕ್ಕೂ ಐದು ಚುಕ್ಕಿಗೂ ಭೇದ ಇಲ್ಲ ಅಂತ ಇಸ್ಕೂಲಲ್ಲಿ ಹೇಳ್ಕೊಟ್ಟಿದ್ರಲ್ವಾ?” ಎಂದು ಅವನು ಕೇಳಿದ.

ಲೆಕ್ಕ ಬರೆದವನಾದ ನಾನೂ ಭೇದವಿಲ್ಲವೆಂದೇ ಹೇಳುತ್ತಿದ್ದೆ. ಆದರೆ ಅಂಥ ಕೆಲವು ಯಂತ್ರಗಳಲ್ಲಿ ಚುಕ್ಕಿಯಿಲ್ಲದ ಐದೆಂದರೆ ಐದು ಮೈಕ್ರಾನ್, ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಐದು ಪಾಲು. ನಮ್ಮ ತಲೆಗೂದಲು ಅದರ ಹತ್ತರಷ್ಟಾದರೂ ದಪ್ಪ. ಚುಕ್ಕಿ ಬಿದ್ದರೆ ಅದೇ ಐದು, ಐದು ಮಿಲಿಮೀಟರಾಗುತ್ತದೆ. ಒಂದು ಚುಕ್ಕಿಗೆ ಸಾವಿರಪಟ್ಟು! ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಬಾಗಿಲು ತೆಗೆ, ಲೋಹದ ತುಂಡು ಸಿಕ್ಕಿಸು, ಬಾಗಿಲು ಮುಚ್ಚು, ಗುಂಡಿ ಒತ್ತು, ಅಳೆದು ನೋಡು—ಮೂರು ತಿಂಗಳಲ್ಲಿ ಕಲಿಸಿದ್ದು ಇಷ್ಟು. ಜಿ ಸೊನ್ನೆ ಒಂದು ಎಂದರೆ ನೇರಗೆರೆಯಲ್ಲಿ ಕಡೆಯುವುದು, ಎಂ ಮೂವತ್ತು ಎಂದರೆ ಪಾಠ ಮುಗಿಯಿತು ಎಂಬ ಸಂಕೇತಗಳು ಅವನಿಗೆ ಬಾಯಿಪಾಠ. ಪಾಠವನ್ನು ಬರೆಯುವವನು ಬೇರೆ, ಯಂತ್ರವನ್ನು ಅಣಿಗೊಳಿಸುವವನು ಬೇರೆ. ಕೊನೆಯಲ್ಲಿ ಗುಂಡಿಯ ಮುಂದೆ ನಿಂತವನು ಇವನು. ತಪ್ಪಾದಾಗ ಎಲ್ಲರ ಕಣ್ಣಿಗೂ ಬೀಳುವವನು ಇವನೇ.

ಅರಿವನ್ನು ಒಬ್ಬನ ಕೈಯಲ್ಲಿಟ್ಟು ಹೊಣೆಯನ್ನು ಇನ್ನೊಬ್ಬನ ಕೈಯಲ್ಲಿಡುವುದು ನ್ಯಾಯವೆ? ಈ ಪ್ರಶ್ನೆ ಯಂತ್ರದ ಜೊತೆಯಲ್ಲೇ ಹುಟ್ಟಿದ್ದು. ಅಮೆರಿಕದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳ ಕೆಲಸದಲ್ಲಿದ್ದ ಜಾನ್ ಪಾರ್ಸನ್ಸ್, ಅಂಕೆಗಳಿಂದಲೇ ಯಂತ್ರವನ್ನು ನಡೆಸಬಹುದೆಂದು ಯೋಚಿಸಿದ. 1952ರಲ್ಲಿ ಎಂಐಟಿಯವರು ಅಂಥದೊಂದನ್ನು ನಡೆಸಿ ತೋರಿಸಿದರು. ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ನುರಿತ ಕೆಲಸಗಾರ ಒಮ್ಮೆ ಮಾಡಿದ ಕೈಚಲನೆಯನ್ನು ಟೇಪಿನ ಮೇಲೆ ಹಿಡಿದಿಟ್ಟು ಯಂತ್ರದಿಂದ ಮತ್ತೆ ಆಡಿಸುವುದು. ಈ ಎರಡನೆಯ ದಾರಿ ಮೂಲೆ ಸೇರಿತು. ಅದಕ್ಕೆ ತಂತ್ರದ ಕಾರಣಗಳಷ್ಟೇ ಅಲ್ಲ, ಕೆಲಸದ ಹಿಡಿತವನ್ನು ಕೆಲಸಗಾರನ ಕೈಯಿಂದ ಕಚೇರಿಗೆ ಒಯ್ಯುವ ಆಸೆಯೂ ಕಾರಣವೆಂದು ಇತಿಹಾಸಕಾರ ಡೇವಿಡ್ ನೋಬಲ್ 1984ರ ತನ್ನ ಗ್ರಂಥದಲ್ಲಿ ವಾದಿಸಿದ. ವಾದ ಪೂರ್ತಿ ಸರಿಯೋ ಏನೋ, ವಿಮಾನದ ಡೊಂಕು ಭಾಗಗಳನ್ನು ಕೈಯಿಂದ ತೀಡುವುದು ಎಂಥ ಕೈಚಳಕದವನಿಗೂ ಸುಲಭವಾಗಿರಲಿಲ್ಲ ಎಂದು ನನಗನ್ನಿಸುತ್ತದೆ. ಆದರೆ ನಮ್ಮ ಹುಡುಗನನ್ನು ನೋಡಿದ ಮೇಲೆ ಆ ಮಾತನ್ನು ತಳ್ಳಿಹಾಕಲು ಮನಸ್ಸು ಬರಲಿಲ್ಲ.

ಬೇರೆ ಬಗೆಯ ಕಲಿಕೆ ನಮ್ಮಲ್ಲಿ ಇಲ್ಲವೆಂದಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಗಳ ಯೋಜನೆ 1950ರಲ್ಲೇ ಹುಟ್ಟಿತು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಎದ್ದಿತು. ಐಟಿಐಯಲ್ಲಿ ಮೆಷಿನಿಸ್ಟ್ ಕಲಿಯುವವನಿಗೆ ಎರಡು ವರ್ಷ. ಕಂಪ್ಯೂಟರಿನ ಮುಂದೆ ಕೂರುವ ಮೊದಲು ಅರ ಹಿಡಿಯಬೇಕು, ಲೇತಿನ ಹಿಡಿ ತಿರುಗಿಸಬೇಕು. ಲೋಹ ಎಲ್ಲಿ ಬಿಗಿಯುತ್ತದೆ, ಎಲ್ಲಿ ಬಗ್ಗುತ್ತದೆ ಎಂಬುದು ಕೈಗೆ ಹತ್ತಲೆಂದು.

ಇದನ್ನೆಲ್ಲ ನಾನು ಹುಡುಗನ ತಂದೆಗೆ ಹುರುಪಿನಿಂದ ವಿವರಿಸಿದೆ. ಕೆಲಸ ಬಿಡಿಸಿ ಎರಡು ವರ್ಷ ಓದಿಸು ಎಂದೆ. ಅವನು ಎಲೆಯಡಿಕೆ ಉಗಿದು ಬಂದು, “ಸಾಮಿ, ಎರಡು ವರ್ಷ ಕಾಯೋಕೆ ನಮಗೇನು ಪಿಂಚಣಿ ಬರ್ತದಾ?” ಎಂದ.

ನನಗೆ ಉತ್ತರ ಹೊಳೆಯಲಿಲ್ಲ. ಪಿಂಚಣಿಯ ನೆರಳಲ್ಲಿ ಕೂತು ಕೈಕೆಲಸದ ಘನತೆಯನ್ನು ಹೊಗಳುವುದು ಸುಲಭ. ಆ ಮೂರು ತಿಂಗಳ ಕರಪತ್ರವನ್ನು ಓದಿ, ಕೇಂದ್ರಕ್ಕೆ ಹೋಗಿ ಒಳಗೆ ಏನು ಕಲಿಸುತ್ತಾರೆಂದು ಒಂದು ಮಾತೂ ಕೇಳದೆ, ಅರ್ಜಿಗೆ ಸಾಕ್ಷಿ ಹಾಕಿದ ರುಜು ನನ್ನದು. ಅಂದರೆ ಚುಕ್ಕಿಯಲ್ಲಿ ನನಗೂ ಪಾಲುಂಟು. ಹಿಡಿದುಕೊಂಡ ಸಂಬಳವನ್ನು ನಾನು ಕೊಡುತ್ತೇನೆಂದು ಹುಡುಗನನ್ನು ಕರೆದು ಹೇಳಿದೆ. ಅವನು ಒಪ್ಪಲಿಲ್ಲ.

“ಚುಕ್ಕಿ ಒತ್ತಿದ್ದು ನಾನೇ ಅಲ್ವಾ ತಾತಾ” ಎಂದ. ಕೊಂಚ ಹೊತ್ತು ಬಿಟ್ಟು, “ದುಡ್ಡು ಬೇಡ. ಇದನ್ನೆಲ್ಲ ಮೊದಲಿನಿಂದ ಹೇಳ್ಕೊಡೋರು ಯಾರಾದ್ರೂ ನಿಮಗೆ ಗೊತ್ತಾ?” ಎಂದ.

ಗೊತ್ತಿದ್ದರು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿಯಲ್ಲಿ ಬಹುಕಾಲ ಟರ್ನರಾಗಿದ್ದ ಗೆಳೆಯರೊಬ್ಬರು ಜಾಲಹಳ್ಳಿಯಲ್ಲಿದ್ದಾರೆ. ಈಗ ಹುಡುಗ ವಾರದ ರಜೆಯ ದಿನ ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತಾನೆ. ಮೊದಲ ದಿನ ಅವರು ಕಂಪ್ಯೂಟರಿನ ಸುದ್ದಿ ಎತ್ತಲಿಲ್ಲವಂತೆ. ಒಂದು ಕಬ್ಬಿಣದ ತುಂಡನ್ನೂ ಅರವನ್ನೂ ಕೈಗೆ ಕೊಟ್ಟು ನಾಲ್ಕು ಮೂಲೆಯನ್ನೂ ಸರಿಮಾಡು ಎಂದರಂತೆ. ಮೂರು ವಾರವಾಯಿತು. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಇನ್ನೂ ಸಂದಿಯಲ್ಲಿ ಬೆಳಕು ಇಣುಕುತ್ತದೆಂದು ಹೇಳಿ ಅವನು ನಕ್ಕ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.