ಹೋದವರ ಕಾಗದಗಳು

ಹಳೆಯ ಮನೆಯೊಂದನ್ನು ಕೊಂಡು ದುರಸ್ತಿ ಮಾಡಿಸುವಾಗ ಅಟ್ಟದ ಮೂಲೆಯಲ್ಲಿ ಒಂದು ಗಂಟು ಸಿಕ್ಕಿತೆಂದು ಇಟ್ಟುಕೊಳ್ಳೋಣ. ಬಿಚ್ಚಿ ನೋಡಿದರೆ ಹಿಂದೆ ಅಲ್ಲಿದ್ದವರ ಕಾಗದಗಳು. ಬಾಡಿಗೆ ರಸೀದಿ, ಮದುವೆಯ ಕರೆಯೋಲೆ, ಯಾವುದೋ ಮಗುವಿನ ಅಂಕಪಟ್ಟಿ, ಕಂದಾಯ ಕಟ್ಟಿದ ಚೀಟಿ. ಅವರು ನಮ್ಮ ಬಂಧುಗಳಲ್ಲ, ನಮ್ಮ ಧರ್ಮದವರಲ್ಲ, ಬಹುಶಃ ನಮ್ಮ ಭಾಷೆಯವರೂ ಅಲ್ಲ. ಎಲ್ಲಿಗೆ ಹೋದರೆಂದು ನೆರೆಹೊರೆಗೂ ತಿಳಿಯದು. ಮನೆಗೆ ನಾವು ಹಣ ಕೊಟ್ಟಿದ್ದೇವೆ. ಈ ಗಂಟಿನ ಮಾತು ಕ್ರಯಪತ್ರದಲ್ಲಿಲ್ಲ. ಗುಜರಿಯವನಿಗೆ ತೂಕಕ್ಕೆ ಹಾಕಿದರೆ ಯಾರೂ ನಮ್ಮನ್ನು ಕೇಳುವುದಿಲ್ಲ. ಆದರೂ ಕೈ ಒಂದು ಕ್ಷಣ ಹಿಂಜರಿಯುತ್ತದೆ. ಆ ಹಿಂಜರಿಕೆ ಬರೀ ಭಾವುಕತೆಯೇ? ಅಥವಾ ಅದರ ಹಿಂದೆ ನಿಜವಾದ ಒಂದು ಕರ್ತವ್ಯವಿದೆಯೇ?

ಈ ಪ್ರಶ್ನೆಯನ್ನು ಒಂದು ಮನೆಯ ಮಟ್ಟದಲ್ಲಲ್ಲ, ಇಡೀ ಒಂದು ನಗರಭಾಗದ ಮಟ್ಟದಲ್ಲಿ ಎದುರಿಸಿದ ಜಾಗವೊಂದಿದೆ. ಅದು ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್. ಅಲ್ಲಿನ ಬ್ರಿಕ್ ಲೇನ್ ಬೀದಿಯಲ್ಲಿ ಒಂದು ಮಸೀದಿ ಇದೆ. ಕಟ್ಟಡ 1743ರದು. ಫ್ರಾನ್ಸಿನಲ್ಲಿ 1685ರ ನಂತರ ಧರ್ಮದ ಕಾರಣಕ್ಕೆ ಕಿರುಕುಳ ತಾಳಲಾರದೆ ಓಡಿಬಂದ ಹ್ಯೂಗೆನಾಟ್ ಎಂಬ ಪ್ರೊಟೆಸ್ಟೆಂಟ್ ಪಂಗಡದವರು ಕಟ್ಟಿದ ಇಗರ್ಜಿ ಅದು. ಅವರಲ್ಲಿ ಬಹಳಷ್ಟು ಮಂದಿ ರೇಷ್ಮೆ ನೇಯುವವರು. ಅವರ ಮಕ್ಕಳು ಮೊಮ್ಮಕ್ಕಳು ಚದುರಿದ ಮೇಲೆ 1819ರಲ್ಲಿ ಅದು ಮೆಥೊಡಿಸ್ಟರ ಕೈಗೆ ಬಂತು. 1881ರ ನಂತರ ರಷ್ಯಾದಲ್ಲಿ ಯಹೂದಿಗಳ ಮೇಲೆ ದಾಳಿಗಳು ನಡೆದಾಗ ಸಾವಿರಾರು ಜನ ಈ ಬೀದಿಗಳಿಗೆ ಬಂದಿಳಿದರು. 1898ರಲ್ಲಿ ಅದೇ ಕಟ್ಟಡ ಸಿನಗಾಗ್ ಆಯಿತು. ಅವರೂ ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಬೇರೆ ಬಡಾವಣೆಗಳಿಗೆ ಹೋದರು. 1976ರಿಂದ ಅದು ಜುಮಾ ಮಸೀದಿ. ಗೋಡೆಯ ಮೇಲೆ ಹ್ಯೂಗೆನಾಟರು ಇರಿಸಿದ ನೆರಳು ಗಡಿಯಾರ ಇಂದಿಗೂ ಇದೆ, ಕೆಳಗೆ 1743 ಎಂಬ ಅಂಕಿಯೂ ಇದೆ. ಯಾರೂ ಅದನ್ನು ಅಳಿಸಲು ಹೋಗಲಿಲ್ಲ.

ಕಟ್ಟಡವಾದರೆ ಎದ್ದು ಕಾಣುತ್ತದೆ, ತನ್ನ ಕತೆಯನ್ನು ತಾನೇ ಹೇಳಿಕೊಳ್ಳುತ್ತದೆ. ಆದರೆ ಅದರ ಸುತ್ತ ಬದುಕಿ ಹೋದವರ ಕಾಗದಗಳ ಗತಿಯೇನು? ಅವುಗಳಿಗೆಂದು ಮೈಲ್ ಎಂಡ್‌ನ ಬ್ಯಾಂಕ್ರಾಫ್ಟ್ ರಸ್ತೆಯಲ್ಲಿ ಒಂದು ಸ್ಥಳೀಯ ಇತಿಹಾಸ ಗ್ರಂಥಾಲಯ ಮತ್ತು ದಾಖಲೆ ಭಂಡಾರವಿದೆ. 1860ರ ದಶಕದಲ್ಲಿ ಅಂದಿನ ಸ್ಥಳೀಯ ಆಡಳಿತ ಸಭೆಗೆಂದು ಕಟ್ಟಿದ ಕಟ್ಟಡ, ಮುಂದೆ ಸಾರ್ವಜನಿಕ ಗ್ರಂಥಾಲಯವಾಯಿತು. ಹಳೆಯ ಸಭೆಗಳ ನಡಾವಳಿ, ಮನೆತೆರಿಗೆಯ ಪುಸ್ತಕ, ನಕ್ಷೆ, ಮತದಾರರ ಪಟ್ಟಿ, ಛಾಯಾಚಿತ್ರ, ಸ್ಥಳೀಯ ಪತ್ರಿಕೆಗಳ ಸಂಪುಟ, ಬೀದಿಯಲ್ಲಿ ಹಂಚಿದ ಕರಪತ್ರ ಎಲ್ಲವೂ ಅಲ್ಲಿವೆ. ಪ್ರವೇಶಕ್ಕೆ ಶುಲ್ಕವಿಲ್ಲ. ವಿದ್ವಾಂಸನೇ ಆಗಿರಬೇಕೆಂದೂ ಇಲ್ಲ. ನನ್ನ ಅಜ್ಜ ಈ ಬೀದಿಯಲ್ಲಿದ್ದನಂತೆ ಎಂದು ಬಂದವನಿಗೂ ಮೇಜಿನ ಮೇಲೆ ಪುಸ್ತಕ ತಂದಿಡುತ್ತಾರೆ.

ತೆರಿಗೆ ಪುಸ್ತಕಕ್ಕಿಂತ ನೀರಸವಾದ ಓದು ಇನ್ನೊಂದಿರಲಾರದು. ಬೀದಿಯ ಹೆಸರು, ಮನೆ ಸಂಖ್ಯೆ, ಕಟ್ಟಿದವನ ಹೆಸರು, ಮೊತ್ತ. ಆದರೆ ಅದೇ ಬೀದಿಯ ಪುಟಗಳನ್ನು ಐವತ್ತು, ನೂರು ವರ್ಷಗಳ ಅಂತರದಲ್ಲಿ ತೆರೆದರೆ ಫ್ರೆಂಚ್ ಹೆಸರುಗಳಿದ್ದ ಕಡೆ ಯಹೂದಿ ಹೆಸರುಗಳು ಬಂದಿರುತ್ತವೆ, ಮತದಾರರ ಪಟ್ಟಿಯ ಕಾಲಕ್ಕೆ ಬಂದರೆ ಸಿಲ್ಹೆಟ್ಟಿನ ಮಿಯಾ, ಅಲಿ, ಉದ್ದೀನರು ಬಂದಿರುತ್ತಾರೆ. ಸಿಲ್ಹೆಟ್ಟಿನವರು ಮೊದಲು ಬಂದದ್ದು ಹಡಗಿನ ಕೂಲಿಗಳಾಗಿ, ಬಾಯ್ಲರಿಗೆ ಕಲ್ಲಿದ್ದಲು ಹಾಕುವವರಾಗಿ. 1806ರಲ್ಲಿ ತೆರೆದ ಈಸ್ಟ್ ಇಂಡಿಯಾ ಹಡಗುಕಟ್ಟೆಗಳು ಇದ್ದದ್ದು ಇದೇ ಭಾಗದಲ್ಲಿ. ಕನ್ನಡಿಗರಾದ ನಮಗೆ ಇಲ್ಲಿ ಒಂದು ನೆನಪು ಚುಚ್ಚದೆ ಇರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಗ್ರಂಥಾಲಯದ ಸುಮಾರು ಎರಡು ಸಾವಿರ ಸಂಪುಟಗಳು ಅದೇ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಅವುಗಳ ವಿವರಪಟ್ಟಿಯನ್ನು ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಪ್ರಕಟಿಸಿದ. ಹಸ್ತಪ್ರತಿಗಳಲ್ಲಿ ಹಲವು ಇಂದು ಲಂಡನ್ನಿನಲ್ಲಿ ಕ್ಷೇಮವಾಗಿವೆ. ಕ್ಷೇಮವಾಗಿರುವುದು ಬೇರೆ, ತನ್ನ ಊರಿನಲ್ಲಿರುವುದು ಬೇರೆ. ಮೈಸೂರಿನ ವಿದ್ಯಾರ್ಥಿಗೆ ಅವನ್ನು ಮುಟ್ಟಿ ನೋಡಲು ವೀಸಾ ಬೇಕು. ಬ್ಯಾಂಕ್ರಾಫ್ಟ್ ರಸ್ತೆಯ ಭಂಡಾರದ ಬೆಲೆ ತಿಳಿಯಬೇಕಾದರೆ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಗೆದ್ದವನು ಒಯ್ದ ಪುಸ್ತಕ. ಇನ್ನೊಂದು ನೆರೆಯವನು ಕಾದಿಟ್ಟ ಕಾಗದ.

2021ರ ಜನಗಣತಿಯ ಪ್ರಕಾರ ಟವರ್ ಹ್ಯಾಮ್ಲೆಟ್ಸ್‌ನ ಸುಮಾರು 3 ಲಕ್ಷ 10 ಸಾವಿರ ಜನರಲ್ಲಿ ಶೇಕಡಾ 40ರಷ್ಟು ಮುಸ್ಲಿಮರು. ಎಂದರೆ ಹ್ಯೂಗೆನಾಟ್ ನೇಕಾರನ, ಯಹೂದಿ ದರ್ಜಿಯ, ಐರಿಷ್ ಹಮಾಲಿಯ ಕಾಗದಗಳನ್ನು ಇಂದು ಕಾಯುತ್ತಿರುವುದು ಬಹುಪಾಲು ಬೇರೆಯವರ ತೆರಿಗೆಯ ಹಣ. ನಮ್ಮ ಕಚೇರಿಗಳ ಕನ್ನಡದಲ್ಲಿ 'ಅಮಾನತು' ಎಂದರೆ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ತೆಗೆಯುವುದು ಎಂದಾಗಿಬಿಟ್ಟಿದೆ. ಮೂಲದಲ್ಲಿ ಅದು ನಂಬಿ ಒಪ್ಪಿಸಿದ ವಸ್ತು. ಒಪ್ಪಿಸಿದವನ ಕುಲಗೋತ್ರ ಕೇಳಿ ಅಮಾನತ್ತಿನ ತೂಕ ಹೆಚ್ಚು ಕಡಿಮೆ ಮಾಡುವಂತಿಲ್ಲ. ಇಲ್ಲಿ ಯಾರೂ ಒಪ್ಪಿಸಲೇ ಇಲ್ಲವಲ್ಲ, ಬಿಟ್ಟು ಹೋದರಷ್ಟೇ ಎಂದು ವಾದಿಸಬಹುದು. ನಿಜ. ಆದರೆ ಅವರು ಬಿಟ್ಟುಹೋದ ಬೀದಿಯಲ್ಲಿ ನಡೆಯುತ್ತಿದ್ದೇವೆ, ಅವರು ತೋಡಿಸಿದ ಚರಂಡಿಯಲ್ಲಿ ನಮ್ಮ ನೀರು ಹರಿಯುತ್ತಿದೆ. ಅವನ್ನೆಲ್ಲ ಸ್ವೀಕರಿಸಿ, ಕಾಗದವನ್ನು ಮಾತ್ರ ನಮಗೆ ಸಂಬಂಧಿಸಿದ್ದಲ್ಲ ಎನ್ನುವುದು ಪ್ರಾಮಾಣಿಕ ಲೆಕ್ಕವಲ್ಲ.

ಎಲ್ಲ ಕಾಗದವೂ ಹಿತವಾಗಿರುವುದಿಲ್ಲ. ಇದೇ ಬೀದಿಗಳಲ್ಲಿ 1901ರಲ್ಲಿ ಯಹೂದಿ ವಲಸಿಗರ ವಿರುದ್ಧ ಒಂದು ಸಂಘ ಹುಟ್ಟಿತು. ಅಂಥ ಒತ್ತಡಗಳ ಫಲವಾಗಿ 1905ರಲ್ಲಿ ವಲಸೆಗೆ ಕಡಿವಾಣ ಹಾಕುವ ಕಾನೂನು ಬಂತು. ಮನೆಗಳನ್ನು ಕಬಳಿಸುತ್ತಾರೆ, ಕಡಿಮೆ ಕೂಲಿಗೆ ದುಡಿದು ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಾರೆ, ಕೊಳಕರು ಎಂಬುದು ಅಂದಿನ ಆರೋಪ. ಎಪ್ಪತ್ತು ವರ್ಷಗಳ ನಂತರ ಅದೇ ಆರೋಪ ಬಂಗಾಳಿಗಳ ಮೇಲೆ ಬಂತು. 1978ರ ಮೇ 4ರ ಸಂಜೆ ಆಲ್ತಾಬ್ ಅಲಿ ಎಂಬ ಬಟ್ಟೆ ಕಾರ್ಖಾನೆಯ ಯುವ ಕಾರ್ಮಿಕನನ್ನು ಕೆಲಸದಿಂದ ಮರಳುವಾಗ ಕೊಂದರು. ಹತ್ತು ದಿನಗಳ ನಂತರ ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ನಿವಾಸದವರೆಗೆ ನಡೆದರು. ದ್ವೇಷದ ಕರಪತ್ರವನ್ನು ಸುಟ್ಟುಬಿಡುವುದೇ ಮೇಲು ಎಂದು ನಮ್ಮಲ್ಲಿ ಅನೇಕರಿಗೆ ಅನ್ನಿಸಬಹುದು. ನಮಗೆ ಹಾಗನ್ನಿಸುವುದಿಲ್ಲ. ಎರಡು ಕಾಲದ ಕರಪತ್ರಗಳನ್ನು ಒಟ್ಟಿಗೆ ಓದಿದವನಿಗೆ, ತನ್ನ ಜನರ ಮೇಲಿನ ಆರೋಪ ತನ್ನ ಜನರನ್ನು ನೋಡಿ ಹುಟ್ಟಿದ್ದಲ್ಲ, ಹಳೆಯ ಅಂಗಿಯನ್ನು ಹೊಸಬನಿಗೆ ತೊಡಿಸಿದ್ದು ಎಂದು ತಿಳಿಯುತ್ತದೆ. ನಾಳೆ ಇನ್ನೊಬ್ಬ ಹೊಸಬ ಬಂದಾಗ ಆ ಅಂಗಿಯನ್ನು ಅವನಿಗೆ ತೊಡಿಸಲು ಇವನ ಕೈ ತುಸು ಹಿಂಜರಿದೀತು.

ಇನ್ನು ಖರ್ಚಿನ ಮಾತು. ಬಡವರು ತುಂಬಿರುವ ಜಾಗದಲ್ಲಿ ಸತ್ತವರ ಕಾಗದಕ್ಕೆ ಹಣ ಸುರಿಯಬೇಕೇ? 2008ರಲ್ಲಿ ಅಲ್ಲಿನ ಸ್ಥಳೀಯ ಆಡಳಿತವೇ ಕಟ್ಟಡವನ್ನು ಮಾರುವ ಯೋಚನೆ ಮಾಡಿತ್ತು. ಜನ ಸಹಿ ಸಂಗ್ರಹಿಸಿ ಗದ್ದಲವೆಬ್ಬಿಸಿದ ಮೇಲೆ ಅದನ್ನು ಕೈಬಿಡಲಾಯಿತು. ಇದನ್ನು ಬರೀ ದುಷ್ಟ ಪ್ರಶ್ನೆಯೆಂದು ತಳ್ಳಿಹಾಕಲಾಗದು. ಹಸಿದ ಮಗುವಿನ ಮುಂದೆ ಹಳೆಯ ನಕ್ಷೆಯನ್ನು ಹಿಡಿಯುವುದು ಕ್ರೌರ್ಯವೇ. ಆದರೆ ಕಾಗದ ಬರೀ ಸತ್ತವರದಲ್ಲ. ವಿಂಡ್‌ರಷ್ ಪ್ರಕರಣ ನೋಡಿ. ಕೆರಿಬಿಯನ್ ದ್ವೀಪಗಳಿಂದ ಮಕ್ಕಳಾಗಿ ಬ್ರಿಟನ್ನಿಗೆ ಬಂದು ಐವತ್ತು ವರ್ಷ ದುಡಿದವರನ್ನು, ನೀವು ಇಲ್ಲಿದ್ದದ್ದಕ್ಕೆ ಪುರಾವೆ ಏನು ಎಂದು ಸರಕಾರ ಕೇಳಿತು. 2018ರಲ್ಲಿ ವಿಷಯ ಸ್ಫೋಟಿಸಿದಾಗ ಹೊರಬಿದ್ದ ಸಂಗತಿಯೆಂದರೆ, ಅವರು ಬಂದಿಳಿದ ದಿನದ ಚೀಟಿಗಳನ್ನು ಅದೇ ಸರಕಾರದ ಗೃಹ ಇಲಾಖೆ 2010ರಲ್ಲಿ ನಾಶಮಾಡಿತ್ತು! ಅಸ್ಸಾಮಿನಲ್ಲಿ 1971ರ ಮಾರ್ಚ್ 24ರೊಳಗಿನ ದಾಖಲೆ ತೋರಿಸಬೇಕಾಗಿ ಬಂದಾಗ ನೆರೆಯಲ್ಲಿ ಗುಡಿಸಲು ಕಳೆದುಕೊಂಡವರು ಹಳೆಯ ಮತದಾರರ ಪಟ್ಟಿಗಳಲ್ಲಿ ಅಜ್ಜನ ಹೆಸರು ಹುಡುಕಿದ್ದನ್ನು ಕಂಡಿದ್ದೇವೆ. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಕಾಗದ ಕಳೆದುಕೊಂಡು ಹೆಚ್ಚು ಕಷ್ಟಪಡುವವನು ಬಡವನೇ. ಶ್ರೀಮಂತನಿಗೆ ಕಬ್ಬಿಣದ ಪೆಟ್ಟಿಗೆಯಿದೆ, ವಕೀಲನಿದ್ದಾನೆ.

ಹಾಗೆಂದು ದಾಖಲೆಯೆಂದರೆ ರಕ್ಷಣೆ ಎಂದೇ ನಂಬಿಬಿಡುವುದೂ ತಪ್ಪು. ನಾಜಿಗಳ ವಶದಲ್ಲಿದ್ದ ಆಂಸ್ಟರ್ಡಾಮಿನಲ್ಲಿ 1943ರ ಮಾರ್ಚ್ 27ರ ರಾತ್ರಿ ಕೆಲವು ಪ್ರತಿಭಟನಾಕಾರರು ನಗರದ ಜನಸಂಖ್ಯಾ ನೋಂದಣಿ ಕಚೇರಿಗೇ ಬೆಂಕಿಯಿಟ್ಟರು. ಅಚ್ಚುಕಟ್ಟಾಗಿ ಜೋಡಿಸಿದ ಆ ಕಾರ್ಡುಗಳಿಂದಲೇ ಯಹೂದಿಗಳ ಮನೆಗಳು ಪತ್ತೆಯಾಗುತ್ತಿದ್ದವು. ಅವರಲ್ಲಿ ಹೆಚ್ಚಿನವರಿಗೆ ಮರಣದಂಡನೆಯಾಯಿತು. ಕಾಗದ ಸುಟ್ಟವರಾದ ಅವರನ್ನು ನಾವು ಗೌರವಿಸುತ್ತೇವೆ. ಇದು ಮೇಲಿನ ಮಾತಿಗೆ ವಿರುದ್ಧವಾಯಿತಲ್ಲ ಎಂದರೆ, ಅಷ್ಟಿಲ್ಲ. ಅಧಿಕಾರ ನಮ್ಮ ಬಗ್ಗೆ ಬರೆದಿಟ್ಟುಕೊಂಡು ನಮಗೇ ತೋರಿಸದ ಕಡತ ಒಂದು. ಯಾರು ಬೇಕಾದರೂ ಒಳಬಂದು, ತನ್ನ ಬೀದಿಯ ಬಗ್ಗೆ ಏನು ಬರೆದಿದೆಯೆಂದು ಓದಿ, ತಪ್ಪಿದ್ದರೆ ಹೇಳಿ, ತನ್ನ ಮನೆಯ ಛಾಯಾಚಿತ್ರವನ್ನೂ ಅದಕ್ಕೆ ಸೇರಿಸಿ ಹೋಗಬಹುದಾದ ಜಾಗ ಇನ್ನೊಂದು. ಎರಡಕ್ಕೂ ದಾಖಲೆ ಎಂಬ ಒಂದೇ ಹೆಸರಿರುವುದು ಭಾಷೆಯ ಬಡತನ.

ನಮ್ಮ ಊರುಗಳಲ್ಲಿ ಎರಡನೆಯ ಬಗೆಯ ಜಾಗ ಎಲ್ಲಿದೆ? ರಾಜ್ಯ ಪತ್ರಾಗಾರ ಬೆಂಗಳೂರಿನಲ್ಲಿದೆ, ಅದು ಸರಕಾರದ ಕಡತಗಳ ಮನೆ. ಮೊಹಲ್ಲಾದ, ಪೇಟೆಯ, ಕೇರಿಯ ಕಾಗದಕ್ಕೆ ದಿಕ್ಕಿಲ್ಲ. ಎಷ್ಟೋ ಮಸೀದಿಗಳ ಹಳೆಯ ನಿಕಾಹ್ ದಫ್ತರುಗಳು ಕಾರ್ಯದರ್ಶಿ ಬದಲಾದಾಗ ಮಾಜಿ ಕಾರ್ಯದರ್ಶಿಯ ಮನೆಯಲ್ಲೇ ಉಳಿದು, ಅವರು ತೀರಿಕೊಂಡ ಮೇಲೆ ಗೆದ್ದಲಿನ ಪಾಲಾಗುತ್ತವೆ. ಆ ಉರ್ದು ಕೈಬರಹ ಓದಬಲ್ಲ ಹುಡುಗರೂ ಕಡಿಮೆಯಾಗಿದ್ದಾರೆ. ದೇವಸ್ಥಾನಗಳ, ಇಗರ್ಜಿಗಳ, ನೇಕಾರರ ಸಂಘಗಳ ಕತೆಯೂ ಬಹಳ ಬೇರೆಯಾಗಿರಲಾರದು. ನಮ್ಮದನ್ನೇ ಕಾಯದ ನಾವು ನೆರೆಯವರದನ್ನು ಕಾದೇವೆಯೇ?

ಮೊದಲಿಗೆ ಹೇಳಿದ ಗಂಟು ಪೂರ್ತಿ ಕಲ್ಪನೆಯದಲ್ಲ. ಕೆಲವು ವರ್ಷಗಳ ಹಿಂದೆ ಹಳೆಯ ವಠಾರವೊಂದನ್ನು ಕೆಡವುವಾಗ ಅಲ್ಲಿನ ಬಾಡಿಗೆ ಲೆಕ್ಕದ ಪುಸ್ತಕವೊಂದು ನಮ್ಮ ಕೈಗೆ ಬಂತು. ಮಾಲೀಕರು ಯಾರೋ ಶೆಟ್ಟರು. ಬಾಡಿಗೆದಾರರಲ್ಲಿ ಒಬ್ಬ ದರ್ಜಿ, ಒಬ್ಬ ಶಾಲಾ ಮಾಸ್ತರರು, ಬೀಡಿ ಕಟ್ಟುವ ಒಬ್ಬ ವಿಧವೆ. ಆಕೆಯ ಹೆಸರಿನ ಮುಂದೆ ಹಲವು ತಿಂಗಳು ಏನೂ ಬರೆದಿಲ್ಲ. ಆಮೇಲೆ ಶೆಟ್ಟರ ಕೈಬರಹದಲ್ಲಿ 'ಬಾಕಿ ಬಿಟ್ಟಿದೆ' ಎಂದಿದೆ, ಅದರ ಕೆಳಗೆ ಹೊಸ ಲೆಕ್ಕ ಶುರುವಾಗಿದೆ. ಪುಸ್ತಕವನ್ನು ಒಂದು ಗ್ರಂಥಾಲಯಕ್ಕೆ ಒಯ್ದೆವು. ಅಲ್ಲಿದ್ದವರು ಒಳ್ಳೆಯ ಮನುಷ್ಯರೇ. ಪುಟ ತಿರುವಿ ನೋಡಿ, "ಇದನ್ನ ಯಾವ ವಿಭಾಗದಲ್ಲಿ ಇಡೋದು ಸಾರ್, ಕತೆಯೂ ಅಲ್ಲ, ಇತಿಹಾಸವೂ ಅಲ್ಲ" ಎಂದು ಮರಳಿ ಕೊಟ್ಟರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಮ್ಮ ಬೀರುವಿನಲ್ಲಿ ಇಟ್ಟಿದ್ದೇವೆ. ಶೆಟ್ಟರ ಮನೆಯವರಾಗಲಿ, ಆ ಹೆಂಗಸಿನ ಮಕ್ಕಳಾಗಲಿ ಈವರೆಗೆ ಕೇಳಿಕೊಂಡು ಬಂದಿಲ್ಲ.