ಊರುಗಳ ಎರಡು ಪಟ್ಟಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ಹಿರಿಯರು. ಸುತ್ತುವುದಕ್ಕೆ ಮೊದಲು ಪಟ್ಟಿ ಮಾಡಬೇಕೆಂದು ಅವರು ಹೇಳಲಿಲ್ಲ. ಅವರ ಕಾಲದಲ್ಲಿ ರಜೆಯನ್ನು ಎಣಿಸಿ ಕೊಡುವ ಪದ್ಧತಿ ಇದ್ದಿರಲಾರದು. ನಮ್ಮ ಪ್ರವಾಸವೆಂದರೆ ಮುಕ್ಕಾಲು ಪಾಲು ಪಟ್ಟಿಯೇ. ಹತ್ತು ದಿನ, ಇಷ್ಟು ಹಣ, ಕಾಲಿನಲ್ಲಿ ಉಳಿದಿರುವಷ್ಟು ಕಸುವು, ಇವುಗಳೊಳಗೆ ಒಂದು ದೇಶವನ್ನು ಹಿಡಿಸಬೇಕು. ಹಿಡಿಸಬೇಕಾದರೆ ಕೆಲವು ಊರುಗಳನ್ನು ಬಿಡಬೇಕು. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬುದು ಮೇಲುನೋಟಕ್ಕೆ ಹಣದ ಪ್ರಶ್ನೆ, ವೇಳೆಯ ಪ್ರಶ್ನೆ. ಅದರೊಳಗೆ ಧರ್ಮದ ಪ್ರಶ್ನೆಯೊಂದು ಅಡಗಿದೆ ಎಂದು ನನಗೆ ತೋರಿದ್ದು, ನಾನೂ ನನ್ನ ಹೆಂಡತಿಯೂ ಜಪಾನಿನ ಪ್ರವಾಸಕ್ಕೆ ಯೋಜನೆ ಹಾಕತೊಡಗಿದ ಮೇಲೆ.

ನಮ್ಮ ಪಟ್ಟಿಯಲ್ಲಿ ಹೊಸತೇನೂ ಇಲ್ಲ; ಹೋದವರೆಲ್ಲ ಹೋಗುವ ಹಾದಿಯೇ ಅದು. ಟೋಕಿಯೊದಲ್ಲಿ ಮೂರು ದಿನ. ಅಲ್ಲಿಂದ ಷಿಂಕಾನ್ಸೆನ್ ರೈಲು ಹತ್ತಿ ಕ್ಯೋಟೋ. ಅಲ್ಲಿ ನಾಲ್ಕು ದಿನ. ಒಸಾಕಾ ಒಂದು ದಿನ, ಹಿರೋಷಿಮಾ ಒಂದು ದಿನ, ನಾಗಸಾಕಿ ಒಂದು ದಿನ. ಕ್ಯೋಟೋಗೆ ಸಿಂಹಪಾಲು ಏಕೆಂದು ಯಾರೂ ಕೇಳುವುದಿಲ್ಲ. 794ರಿಂದ ಸಾವಿರ ವರ್ಷಕ್ಕೂ ಮಿಕ್ಕಿ ರಾಜಧಾನಿಯೆನಿಸಿದ್ದ ಊರು ಅದು. ಕೊಳದಲ್ಲಿ ತನ್ನ ನೆರಳನ್ನು ತಾನೇ ನೋಡಿಕೊಳ್ಳುವ ಚಿನ್ನದ ಮಂಟಪ, ಕಿಂಕಾಕುಜಿ, ಅಲ್ಲಿದೆ. 1950ರಲ್ಲಿ ತರುಣ ಭಿಕ್ಷುವೊಬ್ಬನು ಇಟ್ಟ ಬೆಂಕಿಗೆ ಸುಟ್ಟು, 1955ರಲ್ಲಿ ಮತ್ತೆ ಎದ್ದು ನಿಂತದ್ದು. ರ್ಯೋವಾಂಜಿಯ ಕಲ್ಲಿನ ತೋಟ ಅಲ್ಲಿದೆ; ಹದಿನೈದು ಕಲ್ಲುಗಳು, ಜಗಲಿಯ ಮೇಲೆ ಎಲ್ಲಿ ಕುಳಿತರೂ ಒಂದಾದರೂ ಮರೆಯಾಗುತ್ತದೆಯಂತೆ. ಇಂಥ ಊರಿಗೆ ನಾಲ್ಕು ದಿನವೂ ಕಡಿಮೆಯೇ.

ಇದೇ ದೇಶದ ಊರುಗಳನ್ನು ಕುರಿತು ಇನ್ನೊಂದು ಪಟ್ಟಿ ಇದೆ. ಅದನ್ನು ಮಾಡಿದವರು ಪ್ರವಾಸಿಗಳಲ್ಲ. 1945ರ ಮೇ ತಿಂಗಳ 10 ಮತ್ತು 11ರಂದು ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಕೆಲವು ಸೇನಾಧಿಕಾರಿಗಳೂ ವಿಜ್ಞಾನಿಗಳೂ ಕೂಡಿ, ಪರಮಾಣು ಬಾಂಬಿಗೆ ತಕ್ಕ ಊರು ಯಾವುದು ಎಂದು ಚರ್ಚಿಸಿದರು. ಕ್ಯೋಟೋ, ಹಿರೋಷಿಮಾ, ಯೊಕೊಹಾಮಾ, ಕೊಕುರಾ, ನಿಗಾಟ ಎಂದು ಐದು ಹೆಸರು ಬರೆದರು. ಉತ್ತರಪತ್ರಿಕೆಗಳಿಗೆ ಅಂಕ ಹಾಕಿಯೇ ಅನ್ನ ತಿನ್ನುವ ನನ್ನಂಥವನಿಗೆ ಮುಂದಿನ ಸಂಗತಿ ವಿಶೇಷವಾಗಿ ಚುಚ್ಚುತ್ತದೆ: ಪ್ರತಿಯೊಂದು ಊರಿಗೂ ಒಂದು ದರ್ಜೆ ಕೊಟ್ಟರು. ಕ್ಯೋಟೋಗೂ ಹಿರೋಷಿಮಾಕ್ಕೂ ಎರಡೆರಡು 'ಎ', ಯೊಕೊಹಾಮಾಕ್ಕೂ ಕೊಕುರಾಕ್ಕೂ ಒಂದೊಂದು 'ಎ', ನಿಗಾಟಕ್ಕೆ 'ಬಿ'. ಹಿರೋಷಿಮಾದ ಸುತ್ತಲಿನ ಬೆಟ್ಟಗಳು ಸ್ಫೋಟದ ಹಾನಿಯನ್ನು ಹೆಚ್ಚಿಸಬಹುದೆಂಬುದು ಆ ಊರಿನ ಹೆಚ್ಚಳವಾಯಿತು. ಇಂದು ಅದೇ ಬೆಟ್ಟಗಳು ನಮಗೆ ರಮಣೀಯ. ಟೋಕಿಯೊ ಪಟ್ಟಿಗೆ ಸೇರಲಿಲ್ಲ; ಅಲ್ಲಿ ಸುಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಮಾರ್ಚ್ 10ರ ಒಂದೇ ರಾತ್ರಿಯ ಬೆಂಕಿಯಲ್ಲಿ ಅಲ್ಲಿ ಸುಮಾರು ಒಂದು ಲಕ್ಷ ಜನ ಸತ್ತಿದ್ದರು. ಪ್ರವಾಸಿಗಳೆಲ್ಲ ಮೊದಲ ದಿನವೇ ನೋಡುವ ಅಸಾಕುಸದ ಸೆನ್ಸೋಜಿ ದೇವಾಲಯದ ಮುಖ್ಯ ಮಂದಿರವೂ ಆ ರಾತ್ರಿ ಉರಿದುಹೋಯಿತು. ಈಗ ಇರುವುದು 1958ರಲ್ಲಿ ಕಟ್ಟಿ ಮುಗಿಸಿದ್ದು.

ಕ್ಯೋಟೋ ಆ ಪಟ್ಟಿಯಿಂದ ಹೊರಗೆ ಬಂದದ್ದು ಹೇಗೆಂಬುದು ಪ್ರಸಿದ್ಧ ಕಥೆ. ಆಗಿನ ಅಮೆರಿಕದ ಯುದ್ಧಮಂತ್ರಿ ಹೆನ್ರಿ ಸ್ಟಿಮ್ಸನ್ 1926ರಲ್ಲಿ ಆ ಊರನ್ನು ನೋಡಿ ಬಂದವರು. ಸೈನ್ಯದವರು ಮತ್ತೆ ಮತ್ತೆ ಒತ್ತಾಯಿಸಿದರೂ ಆ ಎಪ್ಪತ್ತೇಳರ ಮುದುಕರು ಒಪ್ಪಲಿಲ್ಲ. ಅಧ್ಯಕ್ಷ ಟ್ರೂಮನ್‌ರನ್ನೂ ಒಪ್ಪಿಸಿ ಹೆಸರನ್ನು ಹೊಡೆಸಿಹಾಕಿದರು. ಅದಕ್ಕೆ ರಾಜಕೀಯದ ಲೆಕ್ಕಾಚಾರವೂ ಇತ್ತು. ಇಂಥ ಊರನ್ನು ಸುಟ್ಟರೆ ಜಪಾನಿನ ಜನ ಎಂದಿಗೂ ಕ್ಷಮಿಸದೆ ರಷ್ಯದ ಕಡೆಗೆ ವಾಲಿಯಾರು ಎಂದು ಅವರು ಅಂಜಿದ್ದರು. ಆದರೂ ಕಲೆಗೂ ಧರ್ಮಕ್ಕೂ ಮನೆಯಾದ ಊರೆಂಬ ಗೌರವ ಅವರ ಮನಸ್ಸಿನಲ್ಲಿ ಇದ್ದೇ ಇತ್ತು. ಕ್ಯೋಟೋ ಉಳಿಯಿತು. ತೆರವಾದ ಜಾಗಕ್ಕೆ, ಜುಲೈ ಕೊನೆಯಲ್ಲಿ, ನಾಗಸಾಕಿ ಬಂದು ಸೇರಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ಸೌಂದರ್ಯದ ಮಹಿಮೆಯನ್ನು ಕೊಂಡಾಡುತ್ತಾರೆ. ನನಗೆ ಇಲ್ಲಿಂದಲೇ ಕಷ್ಟ ಆರಂಭವಾಗುತ್ತದೆ. ಒಂದು ಊರು ಚೆಲುವಾಗಿದೆಯೆಂದು ಉಳಿಸುವುದು ಸರಿಯಾದರೆ, ಚೆಲುವಿಲ್ಲದ ಊರಿನ ಮೇಲೆ ಕೈಮಾಡುವುದಕ್ಕೆ ಅಷ್ಟರಮಟ್ಟಿಗೆ ಅನುಮತಿ ಕೊಟ್ಟಂತಾಗಲಿಲ್ಲವೆ? ಆಗಸ್ಟ್ 6ರ ಬೆಳಗ್ಗೆ ಎಂಟೂಕಾಲು ಗಂಟೆಗೆ ಹಿರೋಷಿಮಾದಲ್ಲಿ ಶಾಲೆಗೆ, ಕೆಲಸಕ್ಕೆ ಹೊರಟಿದ್ದವರ ಜೀವ, ಕ್ಯೋಟೋದ ಅಕ್ಕಸಾಲಿಗನ ಜೀವಕ್ಕಿಂತ ಅಗ್ಗವಾದದ್ದು ಅವರ ಊರಿನಲ್ಲಿ ಚಿನ್ನದ ಮಂಟಪ ಇರಲಿಲ್ಲವೆಂದೇ? ಆ ವರ್ಷ ಮುಗಿಯುವುದರೊಳಗೆ ಹಿರೋಷಿಮಾದಲ್ಲಿ ಸುಮಾರು 1,40,000 ಜನ, ನಾಗಸಾಕಿಯಲ್ಲಿ ಸುಮಾರು 70,000 ಜನ ಸತ್ತರು. ಇವರ ಮುಂದೆ ನಿಂತು, ಕಲೆ ಒಂದು ಊರನ್ನು ಕಾಪಾಡಿತು ಎಂದು ಹೇಳುವುದಕ್ಕೆ ನಾಲಿಗೆ ಏಳದು.

ನಮ್ಮಲ್ಲಿ 'ಪ್ರೇಕ್ಷಣೀಯ ಸ್ಥಳ' ಎಂಬ ಮಾತಿದೆ. ನೋಡಲು ತಕ್ಕದ್ದು ಎಂದು ಅರ್ಥ. ತಕ್ಕದ್ದು ಎಂದೊಡನೆ ತಕ್ಕುದಲ್ಲದ್ದೂ ಹುಟ್ಟಿಕೊಳ್ಳುತ್ತದೆ. ನಮ್ಮ ಪ್ರವಾಸದ ಪಟ್ಟಿಯೂ ದರ್ಜೆ ಕೊಡುತ್ತದೆ: ಕ್ಯೋಟೋಗೆ ಎರಡು 'ಎ', ನಿಗಾಟಕ್ಕೆ 'ಬಿ', ಕೊಕುರಾಕ್ಕೆ ಸೊನ್ನೆ. ಹೀಗೆಂದಾಗ, ನಿಮ್ಮ ಹೋಲಿಕೆ ಅತಿಯಾಯಿತು ಎಂದು ನನ್ನ ಹೆಂಡತಿ ಆಕ್ಷೇಪಿಸಿದಳು. ಕೊಲ್ಲುವವನ ಪಟ್ಟಿ ಎಲ್ಲಿ, ಕೋಣೆ ಹಿಡಿದು, ಊಟ ಮಾಡಿ, ನಾಲ್ಕು ಕಾಸು ಕೊಟ್ಟು ಬರುವವನ ಪಟ್ಟಿ ಎಲ್ಲಿ? ಅವಳ ಮಾತು ನಿಜ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಎರಡಕ್ಕೂ ಸಮಾನವಾದ ಅಂಶವೊಂದಿದೆ: ದೂರದ ಮೇಜು, ಅದರ ಮೇಲೊಂದು ಭೂಪಟ, ಜನರಿಲ್ಲದ ಹೆಸರುಗಳು. ಆ ದೂರ ನಮ್ಮಲ್ಲಿ ನಿರಪಾಯವಾಗಿದೆ ಎಂಬುದು ನಮ್ಮ ಸುಕೃತ.

ಇದರಿಂದ ಪ್ರವಾಸವೇ ಕೆಟ್ಟದ್ದೆಂದು ತೀರ್ಮಾನಿಸಬೇಕಾಗಿಲ್ಲ. ಸ್ಟಿಮ್ಸನ್‌ರ ಕಥೆ ಒಂದು ಬಗೆಯಲ್ಲಿ ಪ್ರವಾಸದ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಹತ್ತೊಂಬತ್ತು ವರ್ಷಗಳ ಹಿಂದೆ ಕಂಡ ಊರು ಆ ಮನುಷ್ಯನಿಗೆ ಬರಿಯ ಹೆಸರಾಗಿರಲಿಲ್ಲ. ಕಣ್ಣಾರೆ ಕಂಡದ್ದನ್ನು ಸುಡಲು ಕೈ ಹಿಂಜರಿಯುತ್ತದೆ. ಇದು ಮನುಷ್ಯ ಸ್ವಭಾವದ ದೊಡ್ಡ ಆಸರೆ. ಕೊರತೆ ಇರುವುದು ನೋಟದ ಅಗಲದಲ್ಲಿ. ಬರಿಯ ಚೆಲುವನ್ನು ಕಂಡವನ ಕರುಣೆಯೂ ಚೆಲುವಿನ ಗಡಿಯಲ್ಲೇ ನಿಲ್ಲುತ್ತದೆ. ಬೀದಿಯಲ್ಲಿ ತರಕಾರಿ ಕೊಳ್ಳುವವರನ್ನು, ರೈಲಿಗೆ ಓಡುವವರನ್ನು, ಮೊಮ್ಮಗುವಿನ ಕೈ ಹಿಡಿದು ರಸ್ತೆ ದಾಟಿಸುವ ಅಜ್ಜಿಯನ್ನು ನೋಡಿದವನಿಗೆ ಯಾವ ಊರೂ 'ಬಿ' ದರ್ಜೆಯದಾಗಲಾರದು. ಅಂಥವರು ಇಲ್ಲದ ಊರು ಭೂಮಿಯ ಮೇಲೆ ಇಲ್ಲ.

ಆದ್ದರಿಂದ ನಮ್ಮ ಪಟ್ಟಿಯಲ್ಲಿ ಒಂದು ತಿದ್ದುಪಡಿ ಆಗಿದೆ. ಕ್ಯೋಟೋದಿಂದ ಅರ್ಧ ದಿನ ಕಡಿದು ಕೊಕುರಾಕ್ಕೆ ಕೊಟ್ಟಿದ್ದೇವೆ. ದಾರಿ ತಪ್ಪಿಸಿ ಹೋಗಬೇಕಾಗಿಯೂ ಇಲ್ಲ. ಹಿರೋಷಿಮಾದಿಂದ ಷಿಂಕಾನ್ಸೆನ್‌ನಲ್ಲಿ ಒಂದು ಗಂಟೆಗೂ ಕಡಿಮೆ; ನಾಗಸಾಕಿಗೆ ಹೋಗುವವರು ಆ ನಿಲ್ದಾಣವನ್ನು ದಾಟಿಯೇ ಹೋಗಬೇಕು. ಕೊಕುರಾ 1963ರಲ್ಲಿ ನೆರೆಯ ಪಟ್ಟಣಗಳೊಡನೆ ಕೂಡಿ ಕಿತಾಕ್ಯೂಷು ಎಂಬ ನಗರದ ಭಾಗವಾಯಿತು. ಹೆಸರು ಮಾತ್ರ ನಿಲ್ದಾಣದ ಮೇಲೆ ಹಾಗೆಯೇ ಇದೆ.

1945ರ ಆಗಸ್ಟ್ 9ರಂದು ಎರಡನೆಯ ಬಾಂಬನ್ನು ಹೊತ್ತ ವಿಮಾನ ಮೊದಲು ಬಂದದ್ದು ಕೊಕುರಾದ ಮೇಲಕ್ಕೆ. ಅಲ್ಲಿಯ ಶಸ್ತ್ರಾಗಾರವೇ ಗುರಿ. ಮೋಡವೋ, ಹಿಂದಿನ ದಿನ ಪಕ್ಕದ ಯಾವತಾದ ಮೇಲೆ ನಡೆದ ದಾಳಿಯ ಹೊಗೆಯೋ, ನೆಲ ಕಾಣಲಿಲ್ಲ. ಮೂರು ಸಲ ಹಾದುಹೋಗಿ ನೋಡಿ ವಿಮಾನ ನಾಗಸಾಕಿಯ ಕಡೆಗೆ ತಿರುಗಿತು. 11 ಗಂಟೆ 2 ನಿಮಿಷಕ್ಕೆ ಅಲ್ಲಿ ಬಾಂಬು ಸಿಡಿಯಿತು. ಕ್ಯೋಟೋವನ್ನು ಕಾಪಾಡಿದ್ದು ಅದನ್ನು ನೋಡಿದ್ದ ಕಣ್ಣು. ಕೊಕುರಾವನ್ನು ಕಾಪಾಡಿದ್ದು ಅದನ್ನು ನೋಡಲಾರದೆ ಹೋದ ಕಣ್ಣು. ಈ ಎರಡರಲ್ಲಿ ಯಾವುದಕ್ಕೂ ಆ ಊರುಗಳ ಜನರ ಯೋಗ್ಯತೆಯ ಸಂಬಂಧವಿರಲಿಲ್ಲ.

ಉಳಿದವರು ಏನು ಮಾಡಬೇಕು? ತಾವು ಮಾಡದ ಪಾಪಕ್ಕೆ ಕೊರಗುವುದೂ ತರವಲ್ಲ, ಅದೃಷ್ಟವನ್ನು ಪುಣ್ಯವೆಂದು ಮೆರೆಸುವುದೂ ತರವಲ್ಲ. ಕೊಕುರಾದ ಜನ ಕಂಡುಕೊಂಡ ದಾರಿ ನನಗೆ ಹಿಡಿಸಿದೆ. ಆ ಶಸ್ತ್ರಾಗಾರವಿದ್ದ ನೆಲ ಈಗ ಕತ್ಸುಯಾಮಾ ಎಂಬ ಉದ್ಯಾನ. ಅಲ್ಲಿ ಸತ್ತವರ ನೆನಪಿಗೆ ಒಂದು ಸ್ಮಾರಕ, ಅದರ ಬಳಿ ಒಂದು ಗಂಟೆ. ಅದರ ಹೆಸರು ನಾಗಸಾಕಿಯ ಗಂಟೆ. ಪ್ರತಿವರ್ಷ ಆಗಸ್ಟ್ 9ರಂದು ಕೊಕುರಾದವರು ಅಲ್ಲಿ ಸೇರಿ ನಾಗಸಾಕಿಯ ಸತ್ತವರನ್ನು ನೆನೆಯುತ್ತಾರೆ. ತಮ್ಮ ಪಾಲಿಗೆ ಬರಬೇಕಾಗಿದ್ದುದು ಯಾರ ಪಾಲಿಗೆ ಹೋಯಿತೋ ಅವರನ್ನು ತಮ್ಮವರೆಂದೇ ಎಣಿಸಿಕೊಂಡಿದ್ದಾರೆ. ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಆ ಗಂಟೆಗೆ ಹೆಚ್ಚಿನ ಜಾಗವಿಲ್ಲ. ನೋಡುವುದಕ್ಕೆ ಅದು ಒಂದು ಗಂಟೆ, ಅಷ್ಟೆ.